ಖಾಲಿ ಡಬ್ಬಿಯಲ್ಲಿ ಬಂದ ದೇಶಗಳು

ಮೊನ್ನೆ ಬೆಳಿಗ್ಗೆ ಹಾಲು ತೆಗೆಯೋಣವೆಂದು ಫ್ರಿಜ್ ಬಾಗಿಲು ಎಳೆದೆ, ಐಫೆಲ್ ಗೋಪುರ ಬಂದು ನನ್ನ ಕಾಲಿನ ಹೆಬ್ಬೆರಳ ಮೇಲೆ ಬಿತ್ತು. "ಅಯ್ಯಪ್ಪಾ!" ಎಂದು ಕೂಗಿಕೊಂಡೆ. ನಡುಮನೆಯಲ್ಲಿ ಕೂತಿದ್ದ ನಮ್ಮವರು ಪೇಪರು ಕೂಡ ಮಡಚದೆ, "ಯಾವ್ದು ಬಿತ್ತು?" ಅಂದರು. "ಪ್ಯಾರಿಸ್ಸು" ಅಂದೆ. "ಒಡೀಲಿಲ್ಲ ತಾನೆ?" ಅಂದರು. ನನ್ನ ಹೆಬ್ಬೆರಳಿನ ಬಗ್ಗೆ ಒಂದು ಮಾತಿಲ್ಲ. ಮೂವತ್ತೆಂಟು ವರ್ಷದ ಸಂಸಾರ, ನಾನೂ ನಿರೀಕ್ಷೆ ಇಟ್ಟುಕೊಂಡಿರಲಿಲ್ಲ ಬಿಡಿ.

ನಮ್ಮ ಫ್ರಿಜ್ಜನ್ನು ನೀವೊಮ್ಮೆ ನೋಡಬೇಕು. ಅದರ ಬಾಗಿಲಿನ ಬಣ್ಣ ಯಾವುದೆಂದು ಕೇಳಿದರೆ ನನಗೇ ನೆನಪಿಲ್ಲ. ಮೇಲಿನಿಂದ ಕೆಳಗಿನವರೆಗೆ ಬರೀ ಮ್ಯಾಗ್ನೆಟ್ಟುಗಳು. ಸಿಂಗಪುರದ ಸಿಂಹ ಗ್ಯಾಸ್ ಬುಕ್ ಮಾಡಿದ ಚೀಟಿ ಹಿಡಿದುಕೊಂಡಿದೆ. ನಮ್ಮವರ ಬಿಪಿ ಮಾತ್ರೆಯ ಪಟ್ಟಿ ಈಜಿಪ್ಟಿನ ಪಿರಮಿಡ್ಡಿನ ಸುಪರ್ದಿಗೆ ಸೇರಿದೆ. ದುಬೈ ಒಂಟೆಯ ಕುತ್ತಿಗೆ ಮುರಿದು ಎರಡು ವರ್ಷವಾಯಿತು, ಆದರೂ ಪಾಪ, ನೀರಿನ ಟ್ಯಾಂಕರಿನವನ ನಂಬರನ್ನು ಇವತ್ತಿಗೂ ಬಿಟ್ಟಿಲ್ಲ. ಹಾಲೆಂಡಿನ ಗಾಳಿಯಂತ್ರ, ರಷ್ಯಾದ ಗೊಂಬೆ, ಆಸ್ಟ್ರೇಲಿಯಾದ ಕಾಂಗರೂ, ಎಲ್ಲವೂ ವಿಜಯನಗರದ ಮಾರೇನಹಳ್ಳಿಯ ಒಂದು ಅಡುಗೆಮನೆಯಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ಅನ್ಯೋನ್ಯವಾಗಿವೆ.

ಇಷ್ಟು ಕೇಳಿ ನಾನು ಲೋಕ ಸುತ್ತಿದ ಹೆಂಗಸು ಎಂದುಕೊಂಡಿರಿ ತಾನೆ? ನಮ್ಮ ರಸ್ತೆಯವರೂ ಹಾಗೇ ಅಂದುಕೊಂಡರು. ನಿಜ ಹೇಳುತ್ತೇನೆ, ಹೋದ ವರ್ಷದವರೆಗೆ ನನ್ನ ಹತ್ತಿರ ಪಾಸ್‌ಪೋರ್ಟೇ ಇರಲಿಲ್ಲ.

ಈ ಮ್ಯಾಗ್ನೆಟ್ಟುಗಳು ಬಂದ ದಾರಿ ಬೇರೆ. ನಾನು ದಾವಣಗೆರೆ ಕಡೆಯವಳು. ಮದುವೆಯಾಗಿ ಬೆಂಗಳೂರಿಗೆ ಬಂದಾಗ ತವರಿನಿಂದ ತಂದಿದ್ದು ಎರಡು ಟ್ರಂಕು ಮತ್ತು ಜೋಳದ ರೊಟ್ಟಿ ಮಾಡುವ ಕೈ. ಟ್ರಂಕು ತುಕ್ಕು ಹಿಡಿದವು, ಕೈ ಹಿಡಿಯಲಿಲ್ಲ. ಒಣಗಿಸಿದ ಖಡಕ್ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ, ಜೊತೆಗೆ ಶೇಂಗಾ ಚಟ್ನಿಪುಡಿ ಇದ್ದರೆ ಮನುಷ್ಯ ಉತ್ತರ ಧ್ರುವದಲ್ಲೂ ಬದುಕಬಹುದು. ಇದು ಹೇಗೋ ನಮ್ಮ ಕಡೆಯ ಪ್ಯಾಕೇಜ್ ಟೂರಿನ ಜನಕ್ಕೆ ಗೊತ್ತಾಯಿತು. ಮೂಡಲಪಾಳ್ಯದಿಂದ, ಬಸವೇಶ್ವರನಗರದಿಂದ, ಅತ್ತ ಕೆಂಗೇರಿಯಿಂದ ಫಾರಿನ್ ಹೊರಟವರೆಲ್ಲ ವಿಮಾನಕ್ಕೆ ಮೊದಲು ನನ್ನ ಮನೆಗೆ ಬರತೊಡಗಿದರು. ರೊಟ್ಟಿ ಪುಡಿಯಾಗಬಾರದಲ್ಲ, ಅದಕ್ಕೆ ನಾನೇ ಅಳತೆ ಕೊಟ್ಟು ಮಾಡಿಸಿದ ಅಗಲ ಬಾಯಿಯ ಸ್ಟೀಲ್ ಡಬ್ಬಿಯಲ್ಲಿ ಜೋಡಿಸಿ ಕೊಡುತ್ತಿದ್ದೆ. ಡಬ್ಬಿ ಮಾತ್ರ ವಾಪಸ್ ತಂದುಕೊಡಬೇಕು.

ಈಗ ನೀವೇ ಹೇಳಿ, ನಮ್ಮಲ್ಲಿ ಯಾರಾದರೂ ಖಾಲಿ ಡಬ್ಬಿ ವಾಪಸ್ ಕೊಡುತ್ತಾರೆಯೇ? ನಮ್ಮಮ್ಮನ ಕಾಲದಲ್ಲಿ ಬೋಗುಣಿಯಲ್ಲಿ ಮಜ್ಜಿಗೆ ಕೊಟ್ಟರೆ, ಅದು ನಾಲ್ಕು ಕಾಳು ಸಕ್ಕರೆಯನ್ನೋ ಒಂದು ಹಿಡಿ ಅಕ್ಕಿಯನ್ನೋ ಹೊತ್ತುಕೊಂಡೇ ಹಿಂದಿರುಗುತ್ತಿತ್ತು. ಖಾಲಿ ಕೊಟ್ಟರೆ ಕೊಟ್ಟವರಿಗೂ ಒಳ್ಳೆಯದಲ್ಲ, ತಗೊಂಡವರಿಗೂ ಒಳ್ಳೆಯದಲ್ಲ. ರೋಮ್ ನೋಡಿ ಬಂದವರಿಗೂ ಇದೇ ಭಯ. ಮನೆಯಲ್ಲಿ ಇನ್ನೂ ಸಕ್ಕರೆ ತಂದಿಲ್ಲ, ಸೂಟ್‌ಕೇಸಿನಲ್ಲಿ ಮ್ಯಾಗ್ನೆಟ್ಟು ಇದೆ. ಒಂದನ್ನು ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿ ತಂದುಕೊಟ್ಟರು. ಹೀಗೆ ಹದಿನೈದು ವರ್ಷಗಳಲ್ಲಿ ಪ್ರಪಂಚ ಡಬ್ಬಿ ಡಬ್ಬಿಯಾಗಿ ನಮ್ಮ ಮನೆಗೆ ಬಂತು. ರೊಟ್ಟಿಯ ದುಡ್ಡು ಬೇರೆ, ಅದನ್ನು ಮೊದಲೇ ಇಸಿದುಕೊಳ್ಳುತ್ತಿದ್ದೆ.

ನಡುವೆ ಒಮ್ಮೆ ನಮ್ಮವರಿಗೆ ಹಳೇ ಫ್ರಿಜ್ ಕೊಟ್ಟು ಹೊಸದು ತರುವ ಹುಚ್ಚು ಹತ್ತಿತು. ಅಂಗಡಿಗೆ ಹೊರಡುವಾಗ ನಾನು ವ್ಯಾನಿಟಿ ಬ್ಯಾಗಿನಲ್ಲಿ ಪಿರಮಿಡ್ಡು ಇಟ್ಟುಕೊಂಡಿದ್ದೆ. ಈಗಿನ ಫ್ರಿಜ್ಜುಗಳಿಗೆಲ್ಲ ಗಾಜಿನ ಬಾಗಿಲಂತೆ. ಒಂದಕ್ಕೂ ಪಿರಮಿಡ್ಡು ಅಂಟಲಿಲ್ಲ. ಅಂಗಡಿಯ ಹುಡುಗಿ ನನ್ನ ಹಿಂದೆಯೇ ಬಂದು, "ಮೇಡಂ, ಏನ್ ಚೆಕ್ ಮಾಡ್ತಾ ಇದೀರಾ?" ಅಂದಳು. "ಈಜಿಪ್ಟು ನಿಲ್ತಾ ಇಲ್ಲಮ್ಮಾ" ಅಂದೆ. ಅವಳು ನಮ್ಮವರ ಮುಖ ನೋಡಿದಳು, ನಮ್ಮವರು ಸೀಲಿಂಗ್ ಫ್ಯಾನು ನೋಡಿದರು. ಹಳೇ ಫ್ರಿಜ್ಜೇ ಉಳಿಯಿತು.

ಊರು ನೋಡುವ ಆಸೆ ನನಗೆ ಚಿಕ್ಕಂದಿನಿಂದ ಇತ್ತು, ಯೋಗ ಇರಲಿಲ್ಲ. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ಪ್ರಪಂಚದ ನಕ್ಷೆ ಕೊಟ್ಟು ಸಮುದ್ರಗಳಿಗೆ ಬಣ್ಣ ತುಂಬಲು ಹೇಳಿದ್ದರು. ನಾನು ಬಹಳ ಮುತುವರ್ಜಿಯಿಂದ ಪೆಸಿಫಿಕ್ ಸಾಗರಕ್ಕೆ ಒತ್ತಿ ಒತ್ತಿ ನೀಲಿ ಹಚ್ಚಿದೆ. ಅಷ್ಟರಲ್ಲಿ ಪೆನ್ಸಿಲ್ಲೇ ಮುಗಿಯಿತು. "ಎಲ್ಲಿ ನಿನ್ನ ಅಟ್ಲಾಂಟಿಕ್ಕು?" ಎಂದು ಮೇಷ್ಟ್ರು ಕೇಳಿದರು. "ಬಣ್ಣ ತೀರಿತ್ರೀ ಸಾರ್" ಅಂದೆ. ಅದೇ ವರ್ಷ ಶಾಲೆಯವರು ಜೋಗಕ್ಕೆ ಪ್ರವಾಸ ಹೊರಟರು. ನಮ್ಮಮ್ಮ, "ಮದುವಿ ಆದಮ್ಯಾಲೆ ಗಂಡನ ಕೂಡ ಹೋಗುವಂತಿ" ಅಂದಳು. ಮದುವೆಯಾದ ಮೇಲೆ ಗಂಡ ಮೈಸೂರಿಗೆ ಕರೆದುಕೊಂಡು ಹೋದರು. ಮಂಗಳವಾರ ಹೋದೆವು, ಮೃಗಾಲಯಕ್ಕೆ ವಾರದ ರಜೆ. ಗೇಟಿನ ಆಚೆಯಿಂದ ಯಾವುದೋ ಪ್ರಾಣಿ ಕೂಗಿದ್ದು ಕೇಳಿಸಿಕೊಂಡು ವಾಪಸ್ ಬಂದೆವು. "ರಿಟೈರ್ ಆಗ್ಲಿ, ಎಲ್ಲಾ ಕಡೆ ಹೋಗೋಣ" ಅಂದರು. ರಿಟೈರ್ ಆದ ಮೇಲೆ, "ಮನೆಗೆ ಬೀಗ ಹಾಕ್ಕೊಂಡು ಹೋಗೋದು ಹೇಗೆ?" ಅನ್ನುತ್ತಾರೆ. ಕಳ್ಳರು ಬಂದರೂ ನಮ್ಮ ಮನೆಯಲ್ಲಿ ಒಯ್ಯುವುದೇನಿದೆ, ಆ ಫ್ರಿಜ್ಜನ್ನು ಹೊರಲು ಎಂಟು ಜನ ಬೇಕು.

ಸರಿ, ಸುಳ್ಳಿನ ವಿಷಯಕ್ಕೆ ಬರುತ್ತೇನೆ. ಆರು ವರ್ಷದ ಹಿಂದೆ ಎದುರು ಮನೆಯ ಮಹಡಿಗೆ ಶ್ರುತಿ ಎಂಬ ಹುಡುಗಿ ಗಂಡನ ಜೊತೆ ಬಾಡಿಗೆಗೆ ಬಂದಳು. ಮೊಸರಿಗೆ ಹೆಪ್ಪು ಕೇಳಲು ಬಂದವಳು ಫ್ರಿಜ್ಜಿನ ಮುಂದೆ ನಿಂತೇಬಿಟ್ಟಳು. "ಆಂಟಿ! ಇಷ್ಟೊಂದು ಕಂಟ್ರಿ ನೋಡಿದೀರಾ?" ಅಂದಳು. ಆ ಹುಡುಗಿಯ ಕಣ್ಣು ಹೊಳೆದ ರೀತಿ ಇದೆಯಲ್ಲ, ಅಷ್ಟು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ. ಇಲ್ಲ ಕಣಮ್ಮ, ಇದೆಲ್ಲ ಡಬ್ಬಿಯಲ್ಲಿ ಬಂದಿದ್ದು ಎಂದು ಹೇಳಲು ಬಾಯಿ ತೆರೆದೆ. ಬಾಯಿಂದ ಬಂದದ್ದು, "ಹೂಂ, ಏನೋ, ಅಷ್ಟಿಷ್ಟು" ಎಂದು.

ಸಾಯಂಕಾಲದೊಳಗೆ ನನ್ನ ಅಷ್ಟಿಷ್ಟು ರಸ್ತೆಯ ತುದಿಯವರೆಗೆ ಹೋಗಿ ಬಂತು. ಆಮೇಲೆ ಶುರುವಾಯಿತು ನೋಡಿ, ಪಾರ್ಕಿನಲ್ಲಿ, ದೇವಸ್ಥಾನದಲ್ಲಿ, ಹಿಟ್ಟಿನ ಗಿರಣಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ. "ಗಿರಿಜಾ ಆಂಟಿ, ಈ ಸಲ ಎಲ್ಲಿಗೆ ಹೋಗ್ಲಿ?" ನಾನು ಹೇಳತೊಡಗಿದೆ. ಹೇಳಲು ನನಗೇನು ಕಡಿಮೆ! ಡಬ್ಬಿ ತಂದುಕೊಟ್ಟ ಪ್ರತಿಯೊಬ್ಬರನ್ನೂ ಕೂರಿಸಿ, ಕಾಫಿ ಕೊಟ್ಟು, ಸಮಾಚಾರ ತಿಳಿದುಕೊಂಡಿದ್ದೇನಲ್ಲ. ಅವರು ಅರಮನೆ, ಚಿತ್ರ, ಚರಿತ್ರೆ ಎಂದು ಶುರು ಮಾಡುತ್ತಿದ್ದರು. ನಾನು ಕೇಳುತ್ತಿದ್ದುದು ಮೂರೇ ಪ್ರಶ್ನೆ: ಬಿಸಿನೀರು ಬಂತಾ, ಮೊಸರು ಸಿಕ್ಕಿತಾ, ಮೆಟ್ಟಿಲು ಎಷ್ಟು.

ಹಾಗಾಗಿ ನನ್ನ ಶಿಫಾರಸುಗಳು ಬೇರೆಯವರ ಹಾಗಲ್ಲ. ಮೊಸರಿಲ್ಲದೆ ಊಟ ಇಳಿಯದವರು ಟರ್ಕಿಗೆ ಹೋಗಿ, ಅಲ್ಲಿ ಕತ್ತರಿಸುವಷ್ಟು ಗಟ್ಟಿ ಮೊಸರಂತೆ. ಮಂಡಿ ನೋವಿದ್ದರೆ ಸ್ವಿಟ್ಜರ್ಲೆಂಡೇ ವಾಸಿ. ರೈಲಿನಲ್ಲಿ ಕೂತರೆ ಹಿಮದ ಬುಡಕ್ಕೇ ತಂದು ಬಿಡುತ್ತದೆ, ನೀವು ಇಳಿದು "ಆಹಾ" ಎಂದು ಮತ್ತೆ ಹತ್ತಿದರಾಯಿತು. ಕಾಂಬೋಡಿಯಾದ ದೇವಸ್ಥಾನ ಬಹಳ ಚಂದ, ಆದರೆ ಮೆಟ್ಟಿಲು ಗೋಡೆಯಷ್ಟೇ ಕಡಿದು. ಅತ್ತೆಯನ್ನು ಕರೆದುಕೊಂಡು ಹೋಗುವುದಾದರೆ ಯೋಚನೆ ಮಾಡಿ. ಪ್ಯಾರಿಸ್ಸಿಗೆ ಹೊಸ ಚಪ್ಪಲಿ ಹಾಕಿಕೊಂಡು ಹೋಗಬೇಡಿ. ಜಪಾನಿನಲ್ಲಿ ಬಚ್ಚಲಿನ ಕಮೋಡಿಗೆ ಗುಂಡಿಗಳಿರುತ್ತವೆ. ರಾಜಾಜಿನಗರದ ರಿಟೈರ್ಡ್ ಸಾಹೇಬರೊಬ್ಬರು ನಿಲ್ಲಿಸುವ ಗುಂಡಿ ಯಾವುದೆಂದು ತಿಳಿಯದೆ ಎಲ್ಲವನ್ನೂ ಒತ್ತಿ, ಟೈ ಸಮೇತ ನೆನೆದು ಹೊರಗೆ ಬಂದರು. ಆದ್ದರಿಂದ ಜಪಾನಿಗೆ ಹೋಗಿ, ಖಂಡಿತ ಹೋಗಿ, ಗುಂಡಿ ಮಾತ್ರ ಒಂದೊಂದೇ ಒತ್ತಿ. ಹೀಗೆ ಹೇಳುತ್ತಾ ಹೇಳುತ್ತಾ ಆ ಜಾಗಗಳನ್ನೆಲ್ಲ ನಾನೇ ನೋಡಿದಂತೆ ಆಗಿಬಿಟ್ಟಿತ್ತು. ಇಸ್ತಾಂಬುಲ್ಲಿನ ಮೊಸರಿನ ರುಚಿ ನನ್ನ ನಾಲಿಗೆ ಮೇಲೇ ಇತ್ತು.

ಸಿಕ್ಕಿಬೀಳುವ ಪ್ರಸಂಗವೂ ಬಂತು. ನಾರ್ವೆಯ ಉತ್ತರದ ಊರೊಂದರಲ್ಲಿ ಸೂರ್ಯಾಸ್ತ ನೋಡಬೇಕು, ಜೀವ ತಂಪಾಗುತ್ತದೆ ಎಂದು ನಾಗರಭಾವಿಯ ದಂಪತಿ ಹೇಳಿದ್ದರು. ಅದನ್ನೇ ಶ್ರುತಿಗೆ ದಾಟಿಸಿದೆ. ಅವಳು ಗಂಡನನ್ನು ಕಟ್ಟಿಕೊಂಡು ಜೂನ್ ತಿಂಗಳಲ್ಲಿ ಹೋದಳು. ಅಲ್ಲಿ ಜೂನಿನಲ್ಲಿ ಸೂರ್ಯ ಮುಳುಗುವುದೇ ಇಲ್ಲವಂತೆ! ಇಬ್ಬರೂ ಸಮುದ್ರದ ದಂಡೆಯಲ್ಲಿ ರೊಟ್ಟಿ ಮುರಿದುಕೊಂಡು ತಿನ್ನುತ್ತಾ ಕಾದರು, ಕಾದರು, ಸೂರ್ಯ ಹಾಗೇ ನಿಂತಿದ್ದ. ವಾಪಸ್ ಬಂದು ಡಬ್ಬಿ ಕೊಡುತ್ತಾ, "ಆಂಟಿ, ನೀವು ಹೋದಾಗ ಮುಳುಗಿದ್ನಾ?" ಅಂದಳು. "ನಾನು ಹೋಗಿದ್ದು ಬೇರೆ ತಿಂಗಳು ಕಣೇ" ಎಂದು ಹೇಳಿ, ಒಲೆಯ ಮೇಲೆ ಏನೂ ಇಲ್ಲದಿದ್ದರೂ ಒಲೆ ನೋಡಲು ಒಳಗೆ ಹೋದೆ.

ಆ ದಿನವೇ ನಮ್ಮವರು, "ನಿಜ ಹೇಳ್ಬಿಡು ಮಾರಾಯ್ತಿ, ಇವತ್ತಲ್ಲ ನಾಳೆ ಮರ್ಯಾದೆ ಹೋಗತ್ತೆ" ಅಂದರು. ಹೇಳಬೇಕೆಂದು ನನಗೂ ಅನ್ನಿಸಿತ್ತು. ಆದರೆ ಹೇಳಿದರೆ ನಾನು ಬರೀ ರೊಟ್ಟಿ ಮಾಡುವ ಗಿರಿಜಾ ಆಗಿಬಿಡುತ್ತೇನಲ್ಲ. ಅದು ನನಗೆ ಬೇಡವಾಗಿತ್ತು.

ಅಷ್ಟರಲ್ಲಿ ತಿಮ್ಮಕ್ಕ ಬಂದರು. ತಿಮ್ಮಕ್ಕ ನಮ್ಮ ಪಕ್ಕದ ಮನೆಯವರು, ಎಪ್ಪತ್ತೆರಡು ವರ್ಷ. ಮಾರೇನಹಳ್ಳಿ ಹಳ್ಳಿಯಾಗಿದ್ದಾಗ ಇಲ್ಲಿನ ಗದ್ದೆಗಳೆಲ್ಲ ಅವರ ಮಾವನವರದು. ನಮ್ಮ ಸೈಟು ಕೂಡ ಅವರ ಗದ್ದೆಯೇ. ಆಗಾಗ ನಮ್ಮ ಅಡುಗೆಮನೆಗೆ ಬಂದು ಸಿಂಕಿನ ಹತ್ತಿರ ನಿಂತು, "ಇಲ್ಲೇ ಕಣವ್ವಾ ನಮ್ ಸಸಿ ಮಡಿ ಇದ್ದಿದ್ದು" ಅನ್ನುವುದುಂಟು. ಆಗೆಲ್ಲ ನನಗೆ ಅವರ ಪೈರಿನ ಮೇಲೆ ಪಾತ್ರೆ ತೊಳೆಯುತ್ತಿದ್ದೇನೆ ಎಂದು ಸಂಕೋಚವಾಗುತ್ತಿತ್ತು. ಮೂವತ್ತು ವರ್ಷದಿಂದ ಅವರು ನನಗೆ ಅಕ್ಕನ ಸಮಾನ. ನನ್ನ ಎರಡನೇ ಹೆರಿಗೆಗೆ ಬಾಣಂತನದ ನೀರು ಹಾಕಿದವರು ಅವರೇ.

ಆರು ತಿಂಗಳ ಹಿಂದೆ ಎರಡೂ ಮಂಡಿಗಳ ಆಪರೇಷನ್ ಮಾಡಿಸಿಕೊಂಡಿದ್ದ ತಿಮ್ಮಕ್ಕ ಅವತ್ತು ಕೋಲಿಲ್ಲದೆ ನಡೆದು ಬಂದು ಕೂತರು.

"ಗಿರಿಜವ್ವಾ, ಹೊಸಾ ಮಂಡಿ ಹಾಕ್ಸಿದ್ದು ಕೂತ್ಕಂಡು ಸೀರಿಯಲ್ ನೋಡಕ್ಕಲ್ಲ. ನಾನೂ ಇಮಾನ ಹತ್ತಬೇಕು. ನೀನು ಜೊತೇಲಿ ಬಾ."

"ನಾನಾ?"

"ಇನ್ಯಾರು? ಲೋಕಕ್ಕೆಲ್ಲ ದಾರಿ ಹೇಳ್ತೀಯ. ನಂಗೊಂದು ದಾರಿ ತೋರ್ಸು."

"ಎಲ್ಲಿಗೆ ಹೋಗ್ಬೇಕು ಅಂತಿದೀರಾ ತಿಮ್ಮಕ್ಕ?"

"ಭತ್ತದ ಗದ್ದೆ ನೋಡ್ಬೇಕು. ಕಣ್ಣು ತುಂಬೋವಷ್ಟು."

"ಅದಕ್ಕೆ ವಿಮಾನ ಯಾಕೆ? ಮಂಡ್ಯಕ್ಕೆ ಹೋದ್ರಾಯ್ತಲ್ಲ!"

"ಮಂಡ್ಯದಲ್ಲಿ ನೆಂಟ್ರವ್ರೆ. ಗದ್ದೆ ನೋಡಕ್ಕೆಲ್ಲಿ ಬಿಡ್ತಾರೆ, ಹೋದ ತಕ್ಷಣ ಊಟಕ್ ಕೂರಿಸ್ತಾರೆ. ಆಮ್ಯಾಕೆ ಯಾರ್ ಮಗಳಿಗೆ ಗಂಡು ಸಿಕ್ಕಿಲ್ಲ ಅಂತ ಹೇಳ್ತಾರೆ. ಯಾರೂ ನೆಂಟ್ರಿಲ್ದಿರೋ ಜಾಗ ಹೇಳು."

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಹಾಗಾದ್ರೆ ಬಾಲಿ. ಗುಡ್ಡದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ. ಮನೆ ಬಾಗಿಲಲ್ಲಿ ಹೂವಿಡ್ತಾರೆ. ಜನ ಒಳ್ಳೆಯವರು, ಬಿಸಿನೀರು ಇಡೀ ದಿನ ಬರತ್ತೆ" ಎಂದು ನಾಲ್ಕು ಡಬ್ಬಿಗಳ ಸಮಾಚಾರ ಒಟ್ಟಿಗೇ ಸುರಿದುಬಿಟ್ಟೆ. ತಿಮ್ಮಕ್ಕ ಮಂಡಿ ತಟ್ಟಿಕೊಂಡು, "ಆಯ್ತು, ಬಾಲಿಗೇ. ನೀನಿದ್ರೆ ನಂಗೇನೂ ಭಯ ಇಲ್ಲ" ಎಂದು ಎದ್ದು ಹೋದರು.

ಆ ಒಂದು ಮಾತು ನನ್ನನ್ನು ತಿಂದುಹಾಕಿತು. ಬೇರೆಯವರ ಹತ್ತಿರ ಬಡಾಯಿ ಕೊಚ್ಚಿಕೊಂಡಿದ್ದು ಹೋಗಲಿ. ಈ ಹೆಂಗಸು ನನ್ನನ್ನು ನಂಬಿಕೊಂಡು, ಹೊಸ ಮಂಡಿ ಹೊತ್ತುಕೊಂಡು, ಸಮುದ್ರ ದಾಟಲು ಹೊರಟಿದ್ದಾರೆ. ನನಗೋ, ವಿಮಾನದ ಬೆಲ್ಟು ಯಾವ ಕಡೆಯಿಂದ ಹಾಕಬೇಕೆಂದೂ ಗೊತ್ತಿಲ್ಲ. ನಿಜ ಹೇಳಿದರೆ ತಿಮ್ಮಕ್ಕ ಮತ್ತೆ ನಮ್ಮ ಮನೆಯ ಮೆಟ್ಟಿಲು ಹತ್ತುತ್ತಾರೋ ಇಲ್ಲವೋ. ಹೇಳದಿದ್ದರೆ ಅಲ್ಲಿ ಹೋಗಿ ಇಬ್ಬರೂ ಕಳೆದುಹೋಗುತ್ತೇವೆ. ಆ ವಾರದ ಚಟ್ನಿಪುಡಿಗೆ ಎರಡು ಸಲ ಉಪ್ಪು ಬಿತ್ತು.

ಕೊನೆಗೆ ಹೇಡಿಗಳು ಮಾಡುವ ಕೆಲಸವನ್ನೇ ಮಾಡಿದೆ. ಗುಟ್ಟಾಗಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆ. ಫೋಟೊ ತೆಗೆಸಲು ಹೋಗುವಾಗ ಶ್ರುತಿ ಸಿಕ್ಕಿ, "ಎಲ್ಲಿಗೆ ಆಂಟಿ?" ಅಂದರೆ, "ಹಲ್ಲಿನ ಡಾಕ್ಟ್ರ ಹತ್ರ" ಅಂದೆ. ಬೆರಳಚ್ಚು ಕೊಡಲು ಹೋದ ದಿನವೂ ಸಿಕ್ಕಿದಳು, ಮತ್ತೆ ಅದೇ ಹಲ್ಲು. ಪಾಪದ ಹುಡುಗಿ, ಸಾಯಂಕಾಲ ಮೆತ್ತಗಿರಲಿ ಎಂದು ಅನ್ನ ಕಿವುಚಿ, ಮೊಸರು ಕಲಸಿ ತಂದುಕೊಟ್ಟಳು. ಹಲ್ಲು ನೋವಿರುವವಳ ಹಾಗೆ ಒಂದೇ ಕಡೆಯಿಂದ ಅಗಿದು ತಿಂದೆ.

ಎಲ್ಲ ಸುಸೂತ್ರವಾಗಿ ಮುಗಿಯಿತು ಎಂದುಕೊಂಡಿದ್ದೆ. ಪೊಲೀಸರು ಮನೆಗೆ ಬಂದು ವಿಚಾರಿಸುತ್ತಾರೆ ಎನ್ನುವುದು ನನ್ನ ಯಾವ ಡಬ್ಬಿಯೂ ಹೇಳಿರಲಿಲ್ಲ. ನಾನು ಕೇಳಿದ್ದು ಬರೀ ಮೊಸರು, ಮೆಟ್ಟಿಲು ತಾನೆ!

ಅವತ್ತು ಬೆಳಿಗ್ಗೆ ಹತ್ತು ಗಂಟೆ. ತರಕಾರಿ ಗಾಡಿ ಬಂದಿತ್ತು, ಸುತ್ತ ಏಳೆಂಟು ಹೆಂಗಸರು. ತಿಮ್ಮಕ್ಕ ಹಾಗಲಕಾಯಿ ಆರಿಸುತ್ತಿದ್ದರು, ಶ್ರುತಿ ಟೊಮೇಟೊ, ನಾನು ಬೀನ್ಸು. ಬೈಕಿನಲ್ಲಿ ಬಂದ ಪೊಲೀಸರೊಬ್ಬರು ಗಾಡಿಯ ಪಕ್ಕದಲ್ಲೇ ಕಾಲೂರಿ, ಕೈಯಲ್ಲಿದ್ದ ಕಾಗದ ನೋಡಿ, ಇಡೀ ರಸ್ತೆಗೆ ಕೇಳುವಂತೆ, "ಗಿರಿಜಮ್ಮ ಅನ್ನೋರ ಮನೆ ಯಾವ್ದಮ್ಮಾ? ಹೊಸ ಪಾಸ್‌ಪೋರ್ಟಿಗೆ ಹಾಕಿದಾರಲ್ಲ?" ಅಂದರು.

ಬೀನ್ಸು ಕೈಯಿಂದ ಜಾರಿ ಬುಟ್ಟಿಗೆ ಬಿತ್ತು. ಹತ್ತಿರ ಹೋಗಿ ಮೆಲ್ಲಗೆ, "ನಾನೇ ಸಾರ್. ಅದು ಹೊಸದಲ್ಲ, ರಿನ್ಯೂವಲ್ಲು" ಅಂದೆ.

ಅವರು ಕಾಗದವನ್ನು ಇನ್ನೊಮ್ಮೆ ನೋಡಿ, "ಇಲ್ಲಮ್ಮಾ, ಫ್ರೆಶ್ ಅಂತ ಇದೆ" ಎಂದು ಮೊದಲಿಗಿಂತ ಗಟ್ಟಿಯಾಗಿ ಹೇಳಿದರು. "ಅಕ್ಕಪಕ್ಕದ ಇಬ್ರು ಸಾಕ್ಷಿ ಬೇಕಿತ್ತು. ಯಾರಾದ್ರೂ ಇದಾರಾ?"

"ನಾನಿದೀನಿ ಸಾಮಿ" ಎಂದು ತಿಮ್ಮಕ್ಕ ಹಾಗಲಕಾಯಿ ಹಿಡಿದುಕೊಂಡೇ ಮುಂದೆ ಬಂದರು. ಶ್ರುತಿಯೂ ಬಂದಳು. ಉಳಿದವರು ಯಾರೂ ತರಕಾರಿ ಮುಟ್ಟುತ್ತಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ನಮ್ಮ ರಸ್ತೆಗೆ ಹೋದ ತಿಂಗಳಷ್ಟೇ ಕಾಂಕ್ರೀಟ್ ಹಾಕಿದ್ದರು.

"ಎಷ್ಟು ವರ್ಷದಿಂದ ಗೊತ್ತಮ್ಮ ಇವ್ರು?"

"ಮೂವತ್ತು ವರ್ಸ ಆಯ್ತು."

"ಮುಂಚೆ ಯಾವಾಗ್ಲಾದ್ರೂ ಫಾರಿನ್‌ಗೆ ಹೋಗಿದ್ರಾ?"

ತಿಮ್ಮಕ್ಕ ನನ್ನ ಕಡೆ ನೋಡಲೂ ಇಲ್ಲ.

"ಯಾರು, ಇವ್ಳಾ? ಇವ್ಳೆಲ್ ಹೋಗ್ತಾಳೆ ಸಾಮಿ! ದಿನಾ ಬೆಳಿಗ್ಗೆ ಐದೂವರೆಗೆ ಗೋಡೆ ಆಚೆ ಇವ್ಳು ರೊಟ್ಟಿ ಬಡಿಯೋ ಸದ್ದು ಬತ್ತದೆ. ಆ ಸದ್ದಿಗೇ ನಾನು ಏಳೋದು. ತೌರಿಗೆ ಹೋದ್ರೆ ಎಲ್ಡು ದಿನ ಸದ್ದಿರಲ್ಲ, ಎಲ್ಡು ದಿನಾನೂ ನಾನು ಹೊತ್ತಾಗಿ ಏಳ್ತೀನಿ. ಎಲ್ಡು ದಿನದಾಗೆ ಅದ್ಯಾವ ನಾರ್ವೆಗೆ ಹೋಗ್ಬಂದಾಳು?"

ಪೊಲೀಸರು ನಕ್ಕು ಬರೆದುಕೊಂಡರು, ಇಬ್ಬರ ಸಹಿ ಹಾಕಿಸಿಕೊಂಡರು, ಹೋದರು. ನಾನು ಮಾತ್ರ ಗಾಡಿಯ ಕಂಬಿ ಹಿಡಿದು ನಿಂತೇ ಇದ್ದೆ.

"ತಿಮ್ಮಕ್ಕ, ನಿಮಗೆ ಗೊತ್ತಿತ್ತಾ?"

"ನಂಗಷ್ಟೇ ಯಾಕೆ, ರಸ್ತೆಗೇ ಗೊತ್ತು. ನಿನ್ ಡಬ್ಬಿ ತಗಂಡು ಹೋಗೋರೆಲ್ಲ ನಮ್ ಗೇಟ್ ಮುಂದೇನೇ ಕಾರು ನಿಲ್ಸೋದು."

ನಾನು ಶ್ರುತಿಯ ಕಡೆ ತಿರುಗಿದೆ. ಅವಳು ಟೊಮೇಟೊ ನೋಡುತ್ತಾ, "ಸಾರಿ ಆಂಟಿ. ನಂಗೆ ನಾರ್ವೇಲೇ ಡೌಟ್ ಬಂತು" ಅಂದಳು.

"ಮತ್ತೆ ಆಮೇಲೂ ಯಾಕೆ ಬಂದು ಕೇಳ್ತಿದ್ದೆ?"

"ಬಾತ್‌ರೂಮ್ ಬಗ್ಗೆ ನಿಮ್ಮಷ್ಟು ಕರೆಕ್ಟಾಗಿ ಯಾರೂ ಹೇಳಲ್ಲ ಆಂಟಿ."

ಸುತ್ತಲಿನ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನನಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು, ಯಾವುದನ್ನು ಮೊದಲು ಮುಗಿಸಬೇಕೆಂದು ತಿಳಿಯಲಿಲ್ಲ. ಅಷ್ಟು ವರ್ಷದಿಂದ ನಾನು ಹೊತ್ತು ತಿರುಗುತ್ತಿದ್ದ ಗುಟ್ಟು ನನ್ನೊಬ್ಬಳಿಗೆ ಮಾತ್ರ ಗುಟ್ಟಾಗಿತ್ತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ತಿಮ್ಮಕ್ಕನನ್ನು ಕೇಳಿದೆ:

"ಹೋಗ್ಲಿ, ಏನೂ ನೋಡದೋಳು ಅಂತ ಗೊತ್ತಿದ್ದೂ ನನ್ನನ್ನೇ ಯಾಕೆ ಕರೆದ್ರಿ? ನಾನಿದ್ರೆ ಭಯ ಇಲ್ಲ ಅಂತ ಬೇರೆ ಅಂದ್ರಿ."

"ನೋಡಿರೋರ ಜೊತೆ ಹೋದ್ರೆ, ಹೋದ ಸಲ ಹಿಂಗಿತ್ತು ಹಂಗಿತ್ತು ಅಂತ ಅವ್ರದ್ದೇ ಹೇಳ್ತಿರ್ತಾರೆ, ನಮ್ಮನ್ನ ನೋಡಕ್ ಬಿಡಲ್ಲ. ನೀನಾದ್ರೆ ನನ್ನಂಗೇ ಬಾಯ್ಬಿಟ್ಕಂಡು ನೋಡ್ತೀಯ. ದಾರಿ ತಪ್ಪಿದ್ರೆ ಇಬ್ರೂ ತಪ್ಪಾನ. ಏಳು, ಬೀನ್ಸ್ ತೂಗ್ಸು."

ಹೀಗೆ ಹೋದ ಮಳೆಗಾಲ ಮುಗಿದ ಮೇಲೆ ನಾವಿಬ್ಬರೂ ಟೂರಿನವರ ಗುಂಪಿನಲ್ಲಿ ಬಾಲಿಗೆ ಹೊರಟೆವು. ನಮ್ಮವರು ಮನೆಗೆ ಬೀಗ ಹಾಕಬೇಕಾಗುತ್ತದೆಂದು ಬರಲಿಲ್ಲ. ಗೇಟಿನಲ್ಲಿ ನಿಂತು, "ಸಾರಿಗೆ ಉಪ್ಪೆಷ್ಟು?" ಎಂದು ಕೇಳಿದರು. ಶ್ರುತಿ ಹಿಂದಿನ ದಿನವೇ ನನ್ನನ್ನು ಕೂರಿಸಿಕೊಂಡು ವಿಮಾನದ ಬೆಲ್ಟನ್ನು ಅವಳ ಕಾರಿನ ಬೆಲ್ಟಿನಲ್ಲಿ ಅಭ್ಯಾಸ ಮಾಡಿಸಿದ್ದಳು. ರಸ್ತೆಯವರೆಲ್ಲ ಒಬ್ಬೊಬ್ಬರಾಗಿ ಬಂದು ಅಲ್ಲಿ ಅದು ನೋಡಿ, ಇಲ್ಲಿ ಇದು ತಿನ್ನಬೇಡಿ ಎಂದು ಸಲಹೆ ಕೊಟ್ಟೇ ಕೊಟ್ಟರು. ಹತ್ತನೆಯವರ ಹೊತ್ತಿಗೆ ನನಗೆ ತಲೆ ಚಿಟ್ಟು ಹಿಡಿಯಿತು. ಇಷ್ಟು ವರ್ಷ ನಾನು ಈ ಜನಕ್ಕೆ ಕೊಟ್ಟ ಕಾಟ ಎಂಥದ್ದೆಂದು ಆಗ ಗೊತ್ತಾಯಿತು.

ಹೋಟೆಲು ತಲುಪಿದಾಗ ಕತ್ತಲಾಗಿತ್ತು. ಕಿಟಕಿಯ ಆಚೆ ಏನಿದೆಯೆಂದು ಕಾಣಲಿಲ್ಲ, ಕಪ್ಪೆಗಳ ಸದ್ದು ಮಾತ್ರ ಕೇಳಿಸುತ್ತಿತ್ತು. ಬೆಳಿಗ್ಗೆ ಆರಕ್ಕೆ ಬಸ್ಸು, ತಡವಾದರೆ ಬಿಟ್ಟು ಹೋಗುತ್ತೇವೆ ಎಂದು ಟೂರಿನವನು ಹೇಳಿದ್ದ. ಐದೂವರೆಗೆ ಫೋನಿನ ಅಲಾರಂ ಹೊಡೆಯಿತು. ನಾನೆದ್ದೆ, ತಿಮ್ಮಕ್ಕ ಏಳಲಿಲ್ಲ. ಹೆಸರು ಹಿಡಿದು ಕರೆದೆ, ಭುಜ ಅಲ್ಲಾಡಿಸಿದೆ, ಲೈಟು ಹಾಕಿದೆ. ಊಹೂಂ. ಹೋಟೆಲಿನವರು ಫೋನು ಮಾಡಿ ಎಬ್ಬಿಸಿದ್ದೂ ದಂಡವಾಯ್ತು. ಪಕ್ಕದ ರೂಮಿನವರು ಚಪ್ಪಲಿ ಎಳೆದುಕೊಂಡು ಕೆಳಗೆ ಹೋದದ್ದು ಕೇಳಿಸಿತು. ಆಮೇಲೆ ತಟ್ಟನೆ ಹೊಳೆಯಿತು. ಕನ್ನಡಿಯ ಮುಂದಿದ್ದ ಮರದ ಮೇಜಿನ ಮೇಲೆ ಅಂಗೈಯಿಂದ ಬಡಿಯತೊಡಗಿದೆ, ರೊಟ್ಟಿ ತಿರುಗಿಸಿ ತಿರುಗಿಸಿ ಬಡಿಯುವ ಅದೇ ಲಯದಲ್ಲಿ. ಟಪ ಟಪ ಟಪ, ಟಪ ಟಪ ಟಪ.

ಮೂರನೇ ರೊಟ್ಟಿಗೆ ತಿಮ್ಮಕ್ಕ ಎದ್ದು ಕೂತರು. ಕಣ್ಣು ಇನ್ನೂ ಅರ್ಧ ಮುಚ್ಚಿತ್ತು. ದಿನಾ ಮನೆಯಲ್ಲಿ ಮಾಡುವ ಹಾಗೆ ಕೂದಲು ಗಂಟು ಹಾಕಿಕೊಳ್ಳುತ್ತಾ ನೇರವಾಗಿ ಕಿಟಕಿಯ ಹತ್ತಿರ ನಡೆದು ಪರದೆ ಸರಿಸಿದರು. ಆಗ ತಾನೇ ಬೆಳಕು ಹರಿಯುತ್ತಿತ್ತು. ಕಿಟಕಿಯ ಕೆಳಗಿನಿಂದಲೇ ಗದ್ದೆ, ಅದರಾಚೆ ಗದ್ದೆ, ಗುಡ್ಡದ ತಲೆಯವರೆಗೂ ಗದ್ದೆ. ಎಲ್ಲ ಕಡೆ ನೀರು ನಿಲ್ಲಿಸಿ ಹಸಿರು ಪೈರು ನೆಟ್ಟಿದ್ದರು.

ತಿಮ್ಮಕ್ಕ ಗಾಜಿಗೆ ಕೈಯಿಟ್ಟು, ಹಿಂದಕ್ಕೆ ತಿರುಗದೆ ಕೇಳಿದರು:

"ಗಿರಿಜವ್ವಾ, ನಮ್ ಮಾರೇನಳ್ಳಿಗೆ ಮತ್ತೆ ನಾಟಿ ಮಾಡಿದೋರು ಯಾರವ್ವಾ?"